ಬಿಸಿ ದೋಸೆ ಊದಿದ ಹಾಗೆ ಉಸಿರು ಬಿಡು

ಪರೀಕ್ಷೆ ದಿನ ಬೆಳಿಗ್ಗೆ ಮಗು ಹೊಟ್ಟೆ ಹಿಡಿದು ಕೂತರೆ ನಮ್ಮ ದಾವಣಗೆರೆಯ ಮನೆಗಳಲ್ಲಿ ಎರಡು ಮಾತು ಕೇಳುತ್ತೇನೆ. ಒಂದು, 'ನಾಟಕ ಮಾಡಬೇಡ'. ಇನ್ನೊಂದು, 'ಯಾರದ್ದೋ ದೃಷ್ಟಿ ತಾಕಿದೆ'. ಉಪ್ಪು, ಮೆಣಸಿನಕಾಯಿ ನಿವಾಳಿಸಿ, ತೋಳಿಗೆ ತಾಯಿತ ಕಟ್ಟುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಆ ನೋವು ನಿಜ, ಅದಕ್ಕೆ ಕಾರಣವೂ ಇದೆ. ಹೆದರಿದ ದೇಹ ಓಡಲು ಸಿದ್ಧವಾಗುತ್ತದೆ. ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲಿನ ಕಡೆ ಹರಿಯುತ್ತದೆ.

ಆಗ 'ಜೋರಾಗಿ ಉಸಿರೆಳೆದುಕೋ' ಅನ್ನುತ್ತೇವೆ. ಆದರೆ ಕೆಲಸ ಮಾಡುವುದು ಬಿಡುವ ಉಸಿರು. ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಎಳೆದಾಗ ಬಡಿತ ಸ್ವಲ್ಪ ಚುರುಕು, ಬಿಟ್ಟಾಗ ನಿಧಾನ. ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ ಗೊತ್ತಾಗುತ್ತದೆ.

ಇದು ಮೆದುಳಿನಿಂದ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಕೆಲಸ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯುವಾಗ ಬೆರಳು ಬ್ರೇಕ್ ಮೇಲೇ ಇರುತ್ತದೆ, ಅಲ್ವಾ? ದೊಡ್ಡವರ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ 70ರ ಆಸುಪಾಸಿನಲ್ಲಿ ಇರುವುದು ಈ ನರ ಬ್ರೇಕ್ ಹಿಡಿದಿರುವುದರಿಂದ. ಉಸಿರೆಳೆದಾಗ ಹಿಡಿತ ಸಡಿಲ, ಬಿಟ್ಟಾಗ ಬಿಗಿ. ಭದ್ರಾ ನಾಲೆಯ ತೂಬು ನೋಡಿದವರಿಗೆ ಇನ್ನೂ ಸುಲಭ. ಹಲಗೆ ಇಳಿಸಿದಷ್ಟೂ ನೀರಿನ ರಭಸ ಇಳಿಯುತ್ತದೆ.

ಇಲ್ಲೊಂದು ಕಥೆ ಹೇಳಲೇಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವಿಜ್ಞಾನಿ ಒಟ್ಟೊ ಲೋವಿಗೆ ಒಂದು ಪ್ರಯೋಗ ಕನಸಿನಲ್ಲಿ ಹೊಳೆಯಿತಂತೆ. ಅರೆನಿದ್ದೆಯಲ್ಲಿ ಗೀಚಿಟ್ಟದ್ದು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಅದೇ ಹೊಳೆದಾಗ ಎದ್ದು ನೇರ ಪ್ರಯೋಗಾಲಯಕ್ಕೆ ಹೋದರು. ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿದರು. ಬಡಿತ ನಿಧಾನವಾಯಿತು. ಅದರೊಳಗಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ನರ ಬ್ರೇಕ್ ಹಾಕುವುದು ಒಂದು ರಾಸಾಯನಿಕದ ಮೂಲಕ ಅಂತ ಗೊತ್ತಾಯಿತು. ಅದೇ ಅಸಿಟೈಲ್‌ಕೋಲಿನ್. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು, ಹೆನ್ರಿ ಡೇಲ್ ಅವರ ಜೊತೆಗೆ.

ಮಗುವಿಗೆ ಇಷ್ಟೆಲ್ಲ ಬೇಡ. ನಮ್ಮೂರಿನ ಬೆಣ್ಣೆ ದೋಸೆ ಸಾಕು. 'ಪುಟ್ಟಾ, ಕಾವಲಿಯಿಂದ ಈಗ ತಾನೇ ಎದ್ದ ದೋಸೆ ಅಂದ್ಕೋ. ಮೂರು ಎಣಿಸೋವರೆಗೆ ಘಮ ನೋಡು. ಆರು ಎಣಿಸೋವರೆಗೆ ಮೆಲ್ಲಗೆ ಊದಿ ಆರಿಸು.' ಐದಾರು ಸಲ ಮಾಡಿಸಿ, ನೀವೂ ಮಾಡಿ. ಗಬಗಬ ಊದಿದರೆ ತಲೆ ಸುತ್ತುತ್ತದೆ.

ಪರೀಕ್ಷೆ ದಿನವೇ ಕಲಿಸಲು ಹೋಗಬೇಡಿ. ಬಾವಿಗೆ ಬಿದ್ದ ಮೇಲೆ ಈಜು ಕಲಿಸಲು ಆಗುತ್ತಾ? ರಾತ್ರಿ ಮಲಗುವ ಮುಂಚೆ, ಮನಸ್ಸು ಹಗುರ ಇದ್ದಾಗ ಅಭ್ಯಾಸವಾಗಲಿ. ವಾರಗಟ್ಟಲೆ ಊಟ, ನಿದ್ದೆ, ಶಾಲೆ ಎಲ್ಲ ಬೇಡ ಅಂದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.