ಕಾರ್ನ್ ಸಿರಪ್ ಕೆಟ್ಟದ್ದು, ಸಕ್ಕರೆ ಒಳ್ಳೇದು ಅನ್ನೋ ಮಾತು ಎಲ್ಲಿಂದ ಶುರುವಾಯ್ತು?

ಅಮೆರಿಕದಲ್ಲಿ ಮಾರೋ ಕೂಲ್‌ಡ್ರಿಂಕ್ ಕ್ಯಾನ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದ್ರೆ, ಸಾಮಾನ್ಯವಾಗಿ ನೀರಿನ ಹೆಸರಾದ ಮೇಲೆ ಬರೋದೇ ಹೈ ಫ್ರುಕ್ಟೋಸ್ ಕಾರ್ನ್ ಸಿರಪ್, ಅಂದ್ರೆ ಮೆಕ್ಕೆಜೋಳದಿಂದ ಮಾಡೋ ಸಿಹಿ ಪಾಕ. ಇದನ್ನ ನೋಡಿದ ತಕ್ಷಣ ಕ್ಯಾನ್ ವಾಪಸ್ ಇಟ್ಟು, ಕಬ್ಬಿನ ಸಕ್ಕರೆ ಹಾಕಿದ್ದೀವಿ ಅಂತ ಬರೆದಿರೋ ಬಾಟಲಿ ತಗೊಂಡು, ಸದ್ಯ ಬಚಾವಾದೆ ಅಂದ್ಕೊಳ್ಳೋ ಜನ ಅಲ್ಲಿ ತುಂಬಾ ಇದ್ದಾರೆ. ನನ್ ಪ್ರಕಾರ ಆ ಸಮಾಧಾನಕ್ಕೆ ಬುಡ ಇಲ್ಲ, ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಮೆಕ್ಕೆಜೋಳದ ಪಿಷ್ಟ ಅಂದ್ರೆ ಗ್ಲೂಕೋಸ್ ಮಣಿಗಳನ್ನ ಪೋಣಿಸಿದ ಉದ್ದನೆ ಸರ ಇದ್ದ ಹಾಗೆ. ಎಂಜೈಮ್ ಹಾಕಿ ಸರ ತುಂಡು ಮಾಡಿದ್ರೆ ಮಾಮೂಲಿ ಕಾರ್ನ್ ಸಿರಪ್ ಸಿಗುತ್ತೆ, ಆದ್ರೆ ಗ್ಲೂಕೋಸ್‌ಗೆ ಸಕ್ಕರೆಯಷ್ಟು ಸಿಹಿ ಇಲ್ಲ. 1957ರಲ್ಲಿ ಮಾರ್ಷಲ್ ಮತ್ತು ಕೂಯಿ ಅನ್ನೋ ಇಬ್ರು ಅಮೆರಿಕದ ವಿಜ್ಞಾನಿಗಳು ಗ್ಲೂಕೋಸನ್ನ ಅದಕ್ಕಿಂತ ಸಿಹಿಯಾದ ಫ್ರುಕ್ಟೋಸ್ ಮಾಡೋ ಎಂಜೈಮ್ ಬಗ್ಗೆ ಬರೆದ್ರು, ಆದ್ರೆ ಫ್ಯಾಕ್ಟರಿಲಿ ಅದು ನಡೀಲಿಲ್ಲ. 60ರ ದಶಕದಲ್ಲಿ ಜಪಾನಿನ ಯೋಶಿಯುಕಿ ತಕಸಾಕಿ ಬಿಸಿಗೂ ಕೆಡದ ಎಂಜೈಮ್ ಕಂಡುಹಿಡಿದ್ರು, ಅಮೆರಿಕದ ಅಯೋವಾ ರಾಜ್ಯದ ಕ್ಲಿಂಟನ್ ಕಂಪನಿ ಅದನ್ನ ಬಳಸಿ ಸಿರಪ್ ಮಾರೋಕೆ ಶುರು ಮಾಡ್ತು.

ಆಮೇಲೆ ಕೆಲಸ ಮಾಡಿದ್ದು ದುಡ್ಡು. 1974ರಲ್ಲಿ ಸಕ್ಕರೆ ರೇಟ್ ಆಕಾಶಕ್ಕೆ ಹೋಯ್ತು, ಹೊರಗಿಂದ ಬರೋ ಸಕ್ಕರೆ ಮೇಲೆ ಅಮೆರಿಕ ಸುಂಕ, ಕೋಟಾ ಅಂತ ಹಾಕ್ತು, ಇತ್ತ ಮೆಕ್ಕೆಜೋಳಕ್ಕೆ ಸರ್ಕಾರದ್ದೇ ಸಬ್ಸಿಡಿ. ಸಿರಪ್ ಅಗ್ಗ, ದ್ರವ ಆಗಿರೋದ್ರಿಂದ ಟ್ಯಾಂಕರ್‌ನಿಂದ ನೇರ ಪಂಪ್ ಮಾಡ್ಬಹುದು. 1980ರಲ್ಲಿ ಕೋಕಾಕೋಲಾ ಅರ್ಧ ಸಕ್ಕರೆ ಜಾಗಕ್ಕೆ ಸಿರಪ್ ಒಪ್ಕೊಳ್ತು, 1984ಕ್ಕೆ ಕೋಕ್, ಪೆಪ್ಸಿ ಎರಡೂ ಪೂರ್ತಿ ಸಿರಪ್‌ಗೆ ಹೂಂ ಅಂದ್ವು. ಅವಾಗ ಯಾರೂ ಇದನ್ನ ಆರೋಗ್ಯದ ವಿಷಯ ಅಂತ ನೋಡ್ಲೇ ಇಲ್ಲ.

ಬೆಂಕಿ ಹತ್ತಿದ್ದು 2004ರಲ್ಲಿ. ಬ್ರೇ, ನೀಲ್ಸನ್, ಪಾಪ್ಕಿನ್ ಅನ್ನೋ ಮೂರು ಜನ ಸಂಶೋಧಕರು ಸೇರಿ ಒಂದು ಲೇಖನ ಬರೆದ್ರು, 1970ರಿಂದ 1990ರೊಳಗೆ ಅಮೆರಿಕದಲ್ಲಿ ಈ ಸಿರಪ್ ಬಳಕೆ ಶೇ 1000ಕ್ಕಿಂತ ಜಾಸ್ತಿ ಏರಿದೆ, ಬೊಜ್ಜೂ ಅದೇ ಹೊತ್ತಲ್ಲಿ ಏರಿದೆ, ಸಂಬಂಧ ಇರ್ಬಹುದು ಅಂತ. ಅವ್ರು ಹೇಳಿದ್ದು 'ಇರ್ಬಹುದು' ಅಂತ, ಆದ್ರೆ ಟಿವಿ ಪೇಪರ್‌ಗೆ ಬರೋಷ್ಟರಲ್ಲಿ ಅದು 'ಇದೇ ಕಾರಣ' ಆಗಿಬಿಡ್ತು. ಆಮೇಲಿನ ಲೆಕ್ಕ ನೋಡಿ, ಸಿರಪ್ ಬಳಕೆ 1999ರ ಸುಮಾರಿಗೆ ತುದಿ ಮುಟ್ಟಿ ಇಳೀತಾ ಬಂತು, ದೊಡ್ಡವರಲ್ಲಿ ಬೊಜ್ಜು ಮಾತ್ರ 1999-2000ರಲ್ಲಿ ಶೇ 30.5 ಇದ್ದಿದ್ದು 2017-18ಕ್ಕೆ ಶೇ 42.4 ಆಯ್ತು. ಸಿರಪ್ ಒಂದೇ ಕಳ್ಳ ಆಗಿದ್ರೆ ಹೀಗಾಗ್ತಿರ್ಲಿಲ್ಲ.

ಹೆಸರಲ್ಲಿರೋ 'ಹೈ' ಅನ್ನೋ ಪದವೇ ಅರ್ಧ ಗೊಂದಲಕ್ಕೆ ಕಾರಣ ಅನ್ಸುತ್ತೆ. ಅದು ಹೈ ಯಾವುದಕ್ಕೆ ಹೋಲಿಸಿದ್ರೆ ಅಂದ್ರೆ ಮಾಮೂಲಿ ಕಾರ್ನ್ ಸಿರಪ್‌ಗೆ, ಸಕ್ಕರೆಗಲ್ಲ. ಕೂಲ್‌ಡ್ರಿಂಕ್‌ಗೆ ಹಾಕೋ ಸಿರಪ್‌ನ ಸಿಹಿ ಅಂಶದಲ್ಲಿ ಸುಮಾರು ಶೇ 55 ಫ್ರುಕ್ಟೋಸ್, ತಿಂಡಿಗಳಿಗೆ ಹಾಕೋದ್ರಲ್ಲಿ ಶೇ 42. ಸಕ್ಕರೆಲಿ? ಫ್ರುಕ್ಟೋಸ್, ಗ್ಲೂಕೋಸ್ 50-50. ವ್ಯತ್ಯಾಸ ಏನಂದ್ರೆ ಸಕ್ಕರೆಲಿ ಎರಡೂ ಒಂದಕ್ಕೊಂದು ಅಂಟ್ಕೊಂಡಿರುತ್ವೆ, ಸಿರಪ್‌ನಲ್ಲಿ ಬಿಡಿಬಿಡಿ. ಆ ಅಂಟು ನಮ್ಮ ಕರುಳಲ್ಲಿ ಬೇಗ ಬಿಟ್ಟುಹೋಗುತ್ತೆ. ಕರುಳಿನ ತನಕ ಹೋಗೋದೂ ಬೇಡ, ಕೋಲಾ ಹುಳಿ ಇರೋದ್ರಿಂದ ಕಬ್ಬಿನ ಸಕ್ಕರೆ ಹಾಕಿ ಮುಚ್ಚಳ ಬಿಗಿದ ಬಾಟಲಿ ಶೆಲ್ಫಲ್ಲಿ ವಾರಗಟ್ಟಲೆ ಕೂತಿದ್ರೆ, ಒಳಗಿರೋ ಸಕ್ಕರೆ ತಾನಾಗೇ ಒಡೆದು ಗ್ಲೂಕೋಸ್, ಫ್ರುಕ್ಟೋಸ್ ಆಗ್ತಾ ಹೋಗುತ್ತೆ. ಯಾವುದರಿಂದ ತಪ್ಪಿಸ್ಕೊಳ್ಳೋಕೆ ಆ ಬಾಟಲಿ ಆರಿಸಿದ್ರೋ, ಹೆಚ್ಚುಕಮ್ಮಿ ಅದನ್ನೇ ಕುಡೀತಿದ್ದಾರೆ.

ಹಾಗಂತ ಸಿರಪ್‌ಗೆ ಕ್ಲೀನ್ ಚಿಟ್ ಕೊಡ್ತಿಲ್ಲ. ಗ್ಲೂಕೋಸನ್ನ ಮೈಯ ಎಲ್ಲಾ ಭಾಗವೂ ಬಳಸ್ಕೊಳ್ಳುತ್ತೆ, ಫ್ರುಕ್ಟೋಸ್‌ನ ಬಹುಪಾಲು ಭಾರ ಬೀಳೋದು ಲಿವರ್ ಮೇಲೆ, ಒಂದೇ ಸಲಕ್ಕೆ ಜಾಸ್ತಿ ಬಂದ್ರೆ ಲಿವರ್ ಅದನ್ನ ಕೊಬ್ಬು ಮಾಡೋಕೆ ಶುರು ಮಾಡುತ್ತೆ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗದಲ್ಲಿ ದಿನದ ಕ್ಯಾಲೊರಿಯ ಕಾಲುಭಾಗ ಪಾನೀಯದಿಂದ್ಲೇ ಬರೋ ಹಾಗೆ 10 ವಾರ ಕುಡಿಸಿದ್ರು, ಫ್ರುಕ್ಟೋಸ್ ಕುಡಿದವರಿಗೆ ಹೊಟ್ಟೆಯೊಳಗಿನ ಕೊಬ್ಬು ಬೆಳೀತು, ಗ್ಲೂಕೋಸ್ ಕುಡಿದವರಿಗೆ ಅಷ್ಟಾಗಿ ಬೆಳೀಲಿಲ್ಲ. ಇದನ್ನ ತೋರ್ಸಿ ನೋಡಿ ಸಿರಪ್ ವಿಷ ಅನ್ನೋರಿದ್ದಾರೆ, ಆದ್ರೆ ಅಲ್ಲಿ ಹೋಲಿಸಿದ್ದು ಬರೀ ಫ್ರುಕ್ಟೋಸ್, ಬರೀ ಗ್ಲೂಕೋಸ್, ಸಿರಪ್ ವರ್ಸಸ್ ಸಕ್ಕರೆ ಅಲ್ವೇ ಅಲ್ಲ. ಅದೇ ವರ್ಷ ಸಕ್ಕರೆ ವಿರುದ್ಧದ ಭಾಷಣದಿಂದ ಹೆಸರಾದ ಮಕ್ಕಳ ಡಾಕ್ಟರ್ ರಾಬರ್ಟ್ ಲಸ್ಟಿಗ್ ಕೂಡ ಎರಡನ್ನೂ ಒಂದೇ ತಕ್ಕಡಿಲಿ ಇಟ್ಟು ಬೈದಿದ್ದು. ಜನ ಒಂದರ ಹೆಸರು ಮಾತ್ರ ನೆನಪಿಟ್ಕೊಂಡ್ರು.

ಈ ಭಯ ನೋಡಿ ಸಿರಪ್ ಕಂಪನಿಗಳ ಸಂಘ 2010ರಲ್ಲಿ ಲೇಬಲ್ ಮೇಲೆ 'ಕಾರ್ನ್ ಶುಗರ್' ಅಂತ ಬರೆಯೋಕೆ ಬಿಡಿ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹತ್ರ ಅರ್ಜಿ ಹಾಕ್ತು. 2012ರಲ್ಲಿ ಎಫ್‌ಡಿಎ ಆಗಲ್ಲ ಅಂತು, ಕೊಟ್ಟ ಕಾರಣ ಸರಿಯಾಗೇ ಇತ್ತು: ಶುಗರ್ ಅಂದ್ರೆ ಹರಳು, ಇದು ದ್ರವ, ಅಲ್ದೆ ಫ್ರುಕ್ಟೋಸ್ ಹುಟ್ಟಿನಿಂದ್ಲೇ ಆಗಿಬರದ ಕೆಲವರು ಕಾರ್ನ್ ಶುಗರ್ ಅಂದ್ರೆ ಗ್ಲೂಕೋಸ್, ತಿನ್ನಬಹುದು ಅಂತ ನಂಬಿರ್ತಾರೆ, ಹೆಸರು ಬದಲಾಯಿಸಿದ್ರೆ ಅವ್ರ ಜೀವಕ್ಕೇ ಕುತ್ತು. ಅಷ್ಟರಲ್ಲಿ ಸಕ್ಕರೆ ಕಂಪನಿಗಳು ಸಿರಪ್‌ನವರ ಮೇಲೆ ಕೇಸ್ ಹಾಕಿದ್ವು, ಅವ್ರೂ ತಿರುಗಿ ಹಾಕಿದ್ರು, 2015ರಲ್ಲಿ ವಿಚಾರಣೆ ನಡೀತಿರುವಾಗ್ಲೇ ರಾಜಿ ಆಯ್ತು. ಎರಡು ಉದ್ಯಮಗಳು ನಾನು ಒಳ್ಳೆಯವನು ನೀನು ಕೆಟ್ಟವನು ಅಂತ ಕಿತ್ತಾಡಿದ ಈ ವರ್ಷಗಳಲ್ಲಿ ಎಷ್ಟು ಕುಡೀಬೇಕು ಅನ್ನೋ ಮಾತು ಹಿಂದೆ ಬಿತ್ತು, ನನಗೆ ಸಂಕಟ ಆಗೋದು ಇದಕ್ಕೇ.

2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಹೊರಗಿಂದ ಸೇರಿಸಿದ ಸಕ್ಕರೆ ಜೊತೆ ಜೇನು, ಜ್ಯೂಸ್‌ನ ಸಿಹಿಯನ್ನೂ ಸೇರಿಸಿ, ಅದು ದಿನದ ಕ್ಯಾಲೊರಿಲಿ ಶೇ 10 ದಾಟಬಾರದು, 5ಕ್ಕಿಂತ ಕಮ್ಮಿ ಇದ್ರೆ ಇನ್ನೂ ಒಳ್ಳೇದು ಅಂತು. 2000 ಕ್ಯಾಲೊರಿ ತಿನ್ನೋರಿಗೆ ಅದು 50 ಗ್ರಾಂ, 25 ಗ್ರಾಂ. ಕಬ್ಬಾ ಮೆಕ್ಕೆಜೋಳನಾ ಅನ್ನೋ ಭೇದ ಅದ್ರಲ್ಲಿ ಇಲ್ಲ.

2025ರ ಜುಲೈನಲ್ಲಿ ಟ್ರಂಪ್ ಕೋಕ್‌ಗೆ ಕಬ್ಬಿನ ಸಕ್ಕರೆ ಹಾಕೋಕೆ ಕಂಪನಿ ಒಪ್ಪಿದೆ ಅಂತ ಹೇಳಿದ್ರು, ಕಂಪನಿ ಕಬ್ಬಿನ ಸಕ್ಕರೆಯ ಕೋಕ್ ಕೂಡ ತರ್ತೀವಿ ಅಂತ ಘೋಷಿಸ್ತು, ಎಷ್ಟೋ ಜನ ಇದನ್ನ ಆರೋಗ್ಯಕ್ಕೆ ಸಿಕ್ಕ ಗೆಲುವು ಅಂತ ಸಂಭ್ರಮಿಸಿದ್ರು. ಅಮೆರಿಕದ ಮಾಮೂಲಿ 355 ಎಂಎಲ್ ಕೋಕ್ ಕ್ಯಾನ್‌ನಲ್ಲಿ ಇರೋ ಸಿಹಿ 39 ಗ್ರಾಂ, ಅಂದ್ರೆ ಹತ್ತಿರ ಹತ್ತಿರ ಹತ್ತು ಚಮಚ. ಆ ಸಂಖ್ಯೆನೂ ಅದೇ ಕ್ಯಾನ್ ಮೇಲೆ, ಪದಾರ್ಥಗಳ ಪಟ್ಟಿ ಹತ್ರಾನೇ ಅಚ್ಚಾಗಿರುತ್ತೆ.