ಕೂಗಿದಾಗ ಬಾರದವರು

ನಮ್ಮ ಕೋರ್ಟಿನಲ್ಲಿ ಕೇಸಿನ ನಂಬರು ಬಂದಾಗ ಅಟೆಂಡರ್ ಬಾಗಿಲಿಗೆ ಬಂದು ಆರೋಪಿಯ ಹೆಸರನ್ನು ಮೂರು ಸಲ ಕೂಗುತ್ತಾರೆ. ಯಾರೂ ಓಗೊಡದಿದ್ದರೆ ವಾರಂಟು. ಅದೂ ಜಾರಿಯಾಗದೆ ವಾಪಸು ಬಂದು, ಆಸಾಮಿ ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಪ್ರೊಕ್ಲಮೇಶನ್, ಅಂದರೆ ಬಂದು ಹಾಜರಾಗು ಎಂಬ ಬಹಿರಂಗ ಘೋಷಣೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 82ನೇ ಕಲಂ ಆಗಿತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 84. ಊರಿನ ಎದ್ದುಕಾಣುವ ಜಾಗದಲ್ಲಿ ಅದನ್ನು ಓದಿ ಹೇಳಬೇಕು, ಮನೆಗೊಂದು, ಕೋರ್ಟಿನ ಗೋಡೆಗೊಂದು ಪ್ರತಿ ಅಂಟಿಸಬೇಕು, ಹಾಜರಾಗಲು 30 ದಿನಕ್ಕೆ ಕಡಿಮೆಯಿಲ್ಲದಂತೆ ಗಡುವು ಕೊಡಬೇಕು. ಆಸ್ತಿ ಜಪ್ತಿ ಮುಂದಿನ ಕಲಮಿನ ಕೆಲಸ.

ಒಮ್ಮೆ ಕಕ್ಷಿದಾರರೊಬ್ಬರು ಬಾಗಿಲಿಗೆ ಅಂಟಿಸಿದ್ದ ಆ ಕಾಗದವನ್ನು ಒಣಗಿದ ಗೋಂದಿನ ಸಮೇತ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಕೀಳಬಾರದಿತ್ತು, ಕಿತ್ತಾಗಿತ್ತು. "ವಕೀಲ್ರೇ, ನಾನೇನೂ ಕದ್ದಿಲ್ಲ" ಅಂದರು. "ಕದ್ದಿದ್ದೀರಿ ಅಂತ ಇದು ಹೇಳ್ತಾನೂ ಇಲ್ಲ. ಕರೆದಾಗ ಬರಲಿಲ್ಲ ಅಂತಷ್ಟೇ ಹೇಳ್ತಿದೆ" ಅಂದೆ.

ಇಂಗ್ಲಿಷ್ ಲಾವಣಿಗಳ ನಾಯಕ ರಾಬಿನ್ ಹುಡ್‌ನ ವಿಷಯ ಬಂದಾಗಲೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ. ನಾವು ಅವನನ್ನು ದರೋಡೆಕೋರ ಅನ್ನುತ್ತೇವೆ. ಆದರೆ ಇಂಗ್ಲಿಷರ 'ಔಟ್‌ಲಾ' ಕಳ್ಳನೇ ಆಗಿರಬೇಕಿಲ್ಲ. ಹದಿಮೂರನೇ ಶತಮಾನದ ಇಂಗ್ಲೆಂಡಿನಲ್ಲಿ ಆರೋಪಿಯ ಹೆಸರನ್ನು ಜಿಲ್ಲಾ ನ್ಯಾಯಸಭೆಯಲ್ಲಿ ಒಂದರ ನಂತರ ಒಂದು ಕಲಾಪದಲ್ಲಿ ಕೂಗುತ್ತಿದ್ದರು. ಹೆಚ್ಚಿನ ಕಡೆ ಸಭೆ ಸೇರುತ್ತಿದ್ದದ್ದು ನಾಲ್ಕು ವಾರಕ್ಕೊಮ್ಮೆ. ಸಾಮಾನ್ಯವಾಗಿ ಐದನೆಯ ಕೂಗಿಗೂ ಬಾರದವನು ಕಾನೂನಿನಿಂದ ಹೊರಗೆ. ಅವನು ಆ ಅಪರಾಧ ಮಾಡಿದ್ದನೋ ಇಲ್ಲವೋ ಎಂಬ ವಿಚಾರಣೆ ನಡೆಯುತ್ತಲೇ ಇರಲಿಲ್ಲ. ಅವನ ತಲೆ 'ತೋಳದ ತಲೆ', ಅಂದರೆ ತೋಳದಂತೆ ಬೇಟೆಯಾಡಬಹುದಾದವನು; ಸರಕು ಸರಂಜಾಮು ರಾಜನದು. ಹೆಂಗಸರಿಗೆ ಇದೇ ಶಿಕ್ಷೆಗೆ ಬೇರೆ ಹೆಸರಿತ್ತು: ಅವರು ಕಾನೂನಿನ ಲೆಕ್ಕಕ್ಕೆ ಮೊದಲೇ ಸೇರಿರದಿದ್ದರಿಂದ ಹೊರಹಾಕುವ ಪ್ರಶ್ನೆ ಬರುವುದಿಲ್ಲ, 'ಬಿಟ್ಟುಬಿಟ್ಟವಳು' ಎಂದಷ್ಟೇ ಘೋಷಿಸುತ್ತಿದ್ದರು. ಎಂಥ ತರ್ಕ! ಈ ಪದ್ಧತಿಯನ್ನು ಇಂಗ್ಲೆಂಡ್ ಕ್ರಿಮಿನಲ್ ಕೇಸುಗಳಿಂದ ಪೂರ್ತಿ ತೆಗೆದದ್ದು 1938ರಲ್ಲಿ.

ಆ ನ್ಯಾಯಸಭೆಯನ್ನು ನಡೆಸುತ್ತಿದ್ದವನು ಶೆರಿಫ್, ಅಂದರೆ ಜಿಲ್ಲೆಯಲ್ಲಿ ರಾಜನ ಅಧಿಕಾರಿ; ಸಾಮಾನು ಜಪ್ತಿ ಮಾಡುತ್ತಿದ್ದವನೂ ಅವನೇ. ಹಳೆಯ ಲಾವಣಿಗಳಲ್ಲಿ ರಾಜ ಒಳ್ಳೆಯವನಾಗಿ ಉಳಿದು ನಾಟಿಂಗ್‌ಹ್ಯಾಮ್‌ನ ಶೆರಿಫ್ ಖಳನಾದದ್ದು ನನಗೆ ಸ್ವಲ್ಪವೂ ಆಶ್ಚರ್ಯ ತರುವುದಿಲ್ಲ. ಜಪ್ತಿಗೆ ಬಂದ ಅಮೀನನ ಮುಖ ಜನರಿಗೆ ನೆನಪಿರುತ್ತದೆ, ಆದೇಶಕ್ಕೆ ಸಹಿ ಹಾಕಿದವರದ್ದಲ್ಲ.

ಈ ಲಾವಣಿಗಳಿಗೆ ಸರಕು ಒದಗಿಸಿದ ನಿಜವಾದ ಮನುಷ್ಯರಲ್ಲಿ ಫುಲ್ಕ್ ಫಿಟ್ಸ್‌ವಾರಿನ್ ಒಬ್ಬ. ಶ್ರಾಪ್‌ಶೈರಿನವನು. ತನಗೆ ಸೇರಬೇಕೆಂದು ಅವನು ವಾದಿಸುತ್ತಿದ್ದ ವಿಟಿಂಗ್‌ಟನ್ ಕೋಟೆಯನ್ನು ರಾಜ ಜಾನ್ 1200ರಲ್ಲಿ ಬೇರೆಯವನಿಗೆ ಕೊಟ್ಟ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಜಮೀನು ತಕರಾರು. ಫುಲ್ಕ್ ಕಾಡು ಸೇರಿದ, 1203ರಲ್ಲಿ ಕ್ಷಮೆ ಪಡೆದ, ಮರುವರ್ಷ 200 ಮಾರ್ಕ್ (ಆಗಿನ ಹಣದ ಲೆಕ್ಕ) ಕಟ್ಟಿ ಕೋಟೆಯನ್ನೂ ಪಡೆದ. ಕಥೆ ಕಟ್ಟಿದವರಿಗೆ ಇಷ್ಟು ಸಾಲಲಿಲ್ಲ. ಬಾಲ್ಯದಲ್ಲಿ ಇಬ್ಬರೂ ಚದುರಂಗ ಆಡುವಾಗ ಜಾನ್ ಮಣೆಯಿಂದ ಫುಲ್ಕ್‌ನ ತಲೆಗೆ ಹೊಡೆದನಂತೆ, ದ್ವೇಷ ಅಲ್ಲಿಂದ ಶುರುವಂತೆ. ಬಟ್ಟೆ ವ್ಯಾಪಾರಿಗಳನ್ನು ತಡೆದಾಗ ಅವನು ಮೊದಲು ಕೇಳುವುದು, ಇದು ಹೋದರೆ ನಷ್ಟ ನಿಮಗೋ ರಾಜನಿಗೋ ಎಂದು. ರಾಜನಿಗೆ ಎಂದು ಗೊತ್ತಾದ ಮೇಲೆಯೇ ಕೈ ಹಾಕುತ್ತಾನೆ.

ಇನ್ನೊಬ್ಬ ಯೂಸ್ಟೇಸ್, ಫ್ರಾನ್ಸಿನ ಬೂಲೋನ್ ಕಡೆಯವನು. ಸನ್ಯಾಸಿಯಾಗಿದ್ದು ಮಠ ಬಿಟ್ಟ, ತನ್ನ ಒಡೆಯನೊಂದಿಗೆ ಕೆಡಿಸಿಕೊಂಡು ಕಾಡು ಸೇರಿದ, ಆಮೇಲೆ ಕಡಲ್ಗಳ್ಳ. ಮೊದಲು ಜಾನ್‌ನ ಸೇವೆ, ನಂತರ ಫ್ರೆಂಚರ ಸೇವೆ, 1217ರ ಆಗಸ್ಟಿನಲ್ಲಿ ಸ್ಯಾಂಡ್‌ವಿಚ್ ಬಳಿಯ ಕಾಳಗದಲ್ಲಿ ತಲೆ ಹೋಯಿತು. ಅವನ ಕಥೆಯಲ್ಲಿ ಮಠಾಧೀಶನೊಬ್ಬ ಸಿಕ್ಕಿಬಿದ್ದು, ನನ್ನ ಹತ್ತಿರ ನಾಲ್ಕೇ ಮಾರ್ಕ್ ಇದೆ ಅನ್ನುತ್ತಾನೆ. ಗಂಟು ಬಿಚ್ಚಿದರೆ ಮೂವತ್ತು. ಯೂಸ್ಟೇಸ್ ಆ ನಾಲ್ಕನ್ನು ಎಣಿಸಿ ವಾಪಸು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುತ್ತಾನೆ. ನಿಜ ಹೇಳಿದ ವ್ಯಾಪಾರಿಗೆ ಮಾತ್ರ ಎಲ್ಲವೂ ವಾಪಸು. ಇದೇ ಪರೀಕ್ಷೆಯನ್ನು ಮುಂದೆ ರಾಬಿನ್ ಹುಡ್ ಕೂಡ ಮಾಡುತ್ತಾನೆ.

ಫೋಲ್ವಿಲ್ ಸೋದರರದು ಇಷ್ಟು ಚಂದದ ಕಥೆಯಲ್ಲ. ಲೆಸ್ಟರ್‌ಶೈರಿನ ಈ ಮನೆತನದವರು 1326ರಲ್ಲಿ ರಾಜನ ಖಜಾನೆಯ ನ್ಯಾಯಾಧಿಕಾರಿ ರೋಜರ್ ಬೆಲ್ಲರ್ಸ್‌ನನ್ನು ಕೊಂದರು. 1332ರಲ್ಲಿ ರಿಚರ್ಡ್ ವಿಲ್ಲೊಬಿ ಎಂಬ ನ್ಯಾಯಾಧೀಶನನ್ನು ಅಪಹರಿಸಿ 1300 ಮಾರ್ಕ್ ವಸೂಲು ಮಾಡಿದರು. ಗುಂಪಿನ ನಾಯಕ ಯೂಸ್ಟೇಸ್ ಫೋಲ್ವಿಲ್ ರಾಜನ ಸೈನ್ಯದಲ್ಲಿ ಸೇವೆ ಮಾಡಿ ಕ್ಷಮೆ ಪಡೆದ, ಗಲ್ಲಿಗೇರದೆ ಸತ್ತ. ಅಂದ ಹಾಗೆ, ಕಾನೂನನ್ನು ದನ ಎತ್ತುಗಳಂತೆ ಮಾರಿಕೊಂಡ ಎಂಬ ಆರೋಪ ಮುಂದೆ ಅದೇ ವಿಲ್ಲೊಬಿಯ ಮೇಲೆ ಬಂತು. ಈ ಸಂಗತಿಯನ್ನು ಬಾರ್ ರೂಮಿನಲ್ಲಿ ಹೇಳಿದಾಗಲೆಲ್ಲ ಒಂದು ಸುತ್ತು ಟೀ ಹೆಚ್ಚಿಗೆ ಬರುತ್ತದೆ.

ಹಾಗಾದರೆ ಅಸಲಿ ರಾಬಿನ್ ಹುಡ್ ಯಾರು? 1226ರ ಯಾರ್ಕ್‌ಶೈರ್ ಲೆಕ್ಕಪತ್ರದಲ್ಲಿ ಒಂದು ಸಾಲು ಇದೆ: ಪರಾರಿಯಾದ ರಾಬರ್ಟ್ ಹೋಡ್‌ನ ಸಾಮಾನು, 32 ಶಿಲ್ಲಿಂಗ್ 6 ಪೆನ್ಸ್. ಇವನೇ ಅವನು ಎಂದು ಹಲವರಿಗೆ ಆಸೆ. ನನಗೆ ಹೆಚ್ಚು ಹಿಡಿಸುವುದು ಬರ್ಕ್‌ಶೈರಿನ ಕಡತ. 1261ರಲ್ಲಿ ಕಮ್ಮಾರ ರಾಬರ್ಟನ ಮಗ ವಿಲಿಯಂ ಎಂಬವನು ಕಳ್ಳತನದ ಆರೋಪ ಹೊತ್ತು ಪರಾರಿಯಾದ. ಮರುವರ್ಷ ಅದೇ ಕೇಸನ್ನು ಬರೆದುಕೊಂಡ ಗುಮಾಸ್ತ ಅವನ ಹೆಸರನ್ನೇ ಬದಲಾಯಿಸಿ 'ವಿಲಿಯಂ ರೋಬೆಹೋಡ್' ಎಂದು ಬರೆದ. ಓಡಿಹೋದವನು, ಅಪ್ಪ ರಾಬರ್ಟ್ ಬೇರೆ, ಹಾಗಾದರೆ ಇದೇ ಹೆಸರು ಸರಿ ಅನ್ನಿಸಿರಬೇಕು. ಅಂದರೆ ಅಷ್ಟು ಹೊತ್ತಿಗಾಗಲೇ ಕಥೆ ಕಚೇರಿಯೊಳಗೂ ಬಂದಿತ್ತು.

ವಿಲಿಯಂ ಏನಾದ ಎಂದು ಆ ನಮೂದು ಹೇಳುವುದಿಲ್ಲ, ಅದು ಬರೆದದ್ದೂ ಅವನಿಗಾಗಿ ಅಲ್ಲ. ಸ್ಯಾಂಡಲ್‌ಫರ್ಡ್ ಮಠದ ಮುಖ್ಯಸ್ಥರು ವಾರಂಟ್ ಇಲ್ಲದೆ ಅವನ ಸಾಮಾನು ಎತ್ತಿಕೊಂಡು ಹೋಗಿ ದಂಡ ಹಾಕಿಸಿಕೊಂಡಿದ್ದರು, ಆ ದಂಡವನ್ನು ರಾಜ ಮನ್ನಾ ಮಾಡಿದ.