144 ಹೋಗಿ 163 ಬಂತು: ಗುಂಪು ಸೇರಬೇಡಿ ಎನ್ನುವ ಆಜ್ಞೆ ನಮ್ಮ ಮೂರು ಜಿಲ್ಲೆಗೆ ಬಂದ ದಾರಿ

ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಆಟೋಕ್ಕೆ ಮೈಕು ಕಟ್ಟಿ ನಿಷೇಧಾಜ್ಞೆ ಸಾರಿದರೆ ಜನ ಈಗಲೂ 'ಒನ್ ಫಾರ್ಟಿಫೋರ್ ಹಾಕ್ಯಾರ' ಅಂತಲೇ ಮಾತಾಡಿಕೊಳ್ಳುತ್ತಾರೆ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 144 ಎಂಬ ಆ ಸಂಖ್ಯೆಯ ಆಯುಷ್ಯ 2024ರ ಜುಲೈ 1ಕ್ಕೆ ಮುಗಿಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೀಗ ಕಲಂ 163. ಒಳಗಿನ ಮಾತು ಮಾತ್ರ ಹೆಚ್ಚುಕಡಿಮೆ ಬ್ರಿಟಿಷರ ಕಾಲದ್ದೇ.

ಈ ಮೂರು ಜಿಲ್ಲೆಗಳಿಗೆ ಅದು ಒಂದೇ ದಾರಿಯಲ್ಲಿ ಬರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ದಂಡ ಪ್ರಕ್ರಿಯಾ ಸಂಹಿತೆ. ದೂರದೂರದ ರಾಜಕೀಯ ಕೈದಿಗಳನ್ನು ತಂದು ಹಾಕಲು ಬಳ್ಳಾರಿ ಜೈಲು ಸರ್ಕಾರಕ್ಕೆ ಅನುಕೂಲದ ಜಾಗವಾಗಿತ್ತು. 1921ರ ನವೆಂಬರ್‌ನಲ್ಲಿ ಮಲಬಾರಿನ ತಿರೂರಿನಿಂದ ಮಾಪಿಳ್ಳೆ (ಅಲ್ಲಿನ ಮುಸ್ಲಿಂ ಸಮುದಾಯ) ಕೈದಿಗಳನ್ನು ಗಾಳಿಯಾಡದ ಸರಕು ಡಬ್ಬಿಯಲ್ಲಿ ತುಂಬಿ ಕಳಿಸಿದ್ದು ಬಳ್ಳಾರಿಗೇ. ಸುಮಾರು 70 ಜನ ಉಸಿರುಗಟ್ಟಿ ಸತ್ತರು, ಆ ಡಬ್ಬಿ ಬಳ್ಳಾರಿ ಮುಟ್ಟಲೇ ಇಲ್ಲ.

ರಾಯಚೂರು, ಕೊಪ್ಪಳ ನಿಜಾಮನ ಕಡೆಯವು. ಅಲ್ಲಿದ್ದದ್ದು 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ: ಮೊದಲೇ ಅನುಮತಿ ಪಡೆಯದೆ ಸಾರ್ವಜನಿಕ ಸಭೆ ಮಾಡುವಂತಿಲ್ಲ. ವ್ಯತ್ಯಾಸ ಸಣ್ಣದಲ್ಲ. ಬಳ್ಳಾರಿಯವನು ಆಜ್ಞೆ ಹೊರಡುವವರೆಗೆ ಸಭೆ ಕೂಡಬಹುದಿತ್ತು, ರಾಯಚೂರಿನವನು ಅಪ್ಪಣೆ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟುವ ಮೊದಲೇ ನಿಷೇಧಿಸಿದಾಗ ಕೊಟ್ಟ ಕಾರಣ, ಅದು ಕೋಮುವಾದಿ ಸಂಘಟನೆ ಎಂಬುದು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಕೇಳಿದವರ ಬೇಡಿಕೆ ಬಿಟ್ಟು ಅವರ ಧರ್ಮ ನೋಡಿದ್ದು ಹೀಗೆ. ಹತ್ತು ವರ್ಷ ಕಳೆದು ನಿಜಾಮನ ಪರದ ಖಾಸಗಿ ಪಡೆ ರಜಾಕಾರರ ಹಾವಳಿ, ಅವರನ್ನೆದುರಿಸಿದ ಹೋರಾಟಗಾರರ ಮುಂಡರಗಿ ಶಿಬಿರ, 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ಬಂದವು. 1956ರ ಏಕೀಕರಣದಲ್ಲಿ ಎರಡೂ ಕಡೆಯವರು ಒಂದೇ ರಾಜ್ಯದವರಾದರು. ಕಾನೂನಿನ ಮಟ್ಟಿಗೆ ಬಳ್ಳಾರಿಯ ದಾರಿ ಉಳಿಯಿತು, 'ಪರ್ಮಿಷನ್ ಐತೇನು?' ಎಂದು ಮೊದಲು ಕೇಳುವ ರೂಢಿ ಮಾತ್ರ ನಿಜಾಮನ ದಾರಿಯದು.

ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕು ಕೊಟ್ಟಿದೆ. ಇಲ್ಲೊಂದು ಸೂಕ್ಷ್ಮವಿದೆ, ಟಿವಿ ಚರ್ಚೆಗಳಲ್ಲಿ ಅದು ಬರುವುದೇ ಇಲ್ಲ. ಮಾತಿನ ಹಕ್ಕಿಗೆ ಮಿತಿ ಹಾಕುವ 19(2)ರಲ್ಲಿ 'ರಾಜ್ಯದ ಭದ್ರತೆ' ಎಂಬ ಕಾರಣವಿದೆ. ಸಭೆ ಸೇರುವ ಹಕ್ಕಿಗೆ ಮಿತಿ ಹಾಕುವ 19(3)ರಲ್ಲಿ ಅದಿಲ್ಲ. ಅಲ್ಲಿರುವುದು ಸಾರ್ವಜನಿಕ ಸುವ್ಯವಸ್ಥೆ, ಜೊತೆಗೆ 1963ರ 16ನೇ ತಿದ್ದುಪಡಿಯಲ್ಲಿ ಸೇರಿದ ದೇಶದ ಸಾರ್ವಭೌಮತೆ ಮತ್ತು ಅಖಂಡತೆ.

ಈ ಪದಗಳ ಅಂತರ ಎಷ್ಟು ದುಬಾರಿ ಎಂಬುದು 1965ರಲ್ಲಿ ರಾಮಮನೋಹರ ಲೋಹಿಯಾ ಪ್ರಕರಣದಲ್ಲಿ ಗೊತ್ತಾಯಿತು. ಅವರನ್ನು ಬಂಧಿಸಲು ಬಳಸಿದ ಭಾರತ ರಕ್ಷಣಾ ನಿಯಮದಲ್ಲಿದ್ದದ್ದು 'ಸಾರ್ವಜನಿಕ ಸುವ್ಯವಸ್ಥೆ'; ಬಂಧನದ ಆದೇಶದಲ್ಲಿ ಬರೆದದ್ದು 'ಕಾನೂನು ಮತ್ತು ಸುವ್ಯವಸ್ಥೆ'. ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತ ಬರೆದುಕೊಳ್ಳಿ ಎಂದರು: ಎಲ್ಲಕ್ಕಿಂತ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಟ್ಟನಡುವೆ ರಾಜ್ಯದ ಭದ್ರತೆ. ದೊಡ್ಡ ವೃತ್ತದ ಜಗಳ ಒಳಗಿನವನ್ನು ಮುಟ್ಟಲೇಬೇಕೆಂದಿಲ್ಲ. ಒಳಗಿನ ಎರಡು ವೃತ್ತಗಳಿಗೆ ತಳ್ಳಿಸಿಕೊಂಡವನ ಪಾಡು ಬೇರೆ: 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು.

ಪೂರ್ವಗ್ರಹ ಕೆಲಸ ಮಾಡುವುದು ಇಲ್ಲೇ. ಯಾವ ಧರಣಿ ಯಾವ ವೃತ್ತದ್ದು ಎಂದು ತೀರ್ಮಾನಿಸುವಾಗ ಬೇಡಿಕೆಗಿಂತ ಮೊದಲು ಕುಳಿತವರ ಜಾತಿ, ಧರ್ಮ ಕಣ್ಣಿಗೆ ಬೀಳುತ್ತದೆ. ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತೆಂದು ಸುಮಾರು 25 ಸಾವಿರ ದಂಡ ಹೇಳಿದರು. ದೂರು ಕೊಡಲು ಕುಟುಂಬವೇ ಅಂಜಿತು. ಊರಿನ ಶಾಂತಿ ಕೆಡಿಸಿದವರು ಎಂಬ ಹಣೆಪಟ್ಟಿ ದೂರು ಕೊಟ್ಟವರಿಗೇ ಅಂಟುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವರಲ್ಲಿ ಬಹುಪಾಲು ಮಂದಿಗೆ ಜಾಮೀನಾಯಿತು. ಜಗಳದ ಬೇರು ದಲಿತರನ್ನು ಒಳಗೆ ಬಿಡದ ಕ್ಷೌರದಂಗಡಿ, ಹೋಟೆಲ್ ಬಾಗಿಲಿನಲ್ಲಿತ್ತು.

ಬೀದಿಗಿಳಿದರೆ ಏನೂ ಆಗದು ಎನ್ನುವವರು ರಾಯಚೂರನ್ನು ನೋಡಬೇಕು. 2022ರ ಗಣರಾಜ್ಯೋತ್ಸವದಂದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅಂಬೇಡ್ಕರ್ ಭಾವಚಿತ್ರ ತೆಗೆಸಿದರೆಂಬ ಆರೋಪದ ಮೇಲೆ ಎದ್ದ ಪ್ರತಿಭಟನೆ ಬೆಂಗಳೂರು ಮುಟ್ಟಿತು. ಕೋರ್ಟುಗಳ ಅಧಿಕೃತ ಸಮಾರಂಭಗಳಲ್ಲಿ ಆ ಭಾವಚಿತ್ರ ಇಡಬೇಕೆಂದು ಕೆಲವೇ ದಿನಗಳಲ್ಲಿ ಹೈಕೋರ್ಟ್ ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಮೇ 13ರಿಂದ ರಾಯಚೂರಿಗೆ ಏಮ್ಸ್ ಕೊಡಿ ಎಂದು ಕುಳಿತ ಧರಣಿ ಸಾವಿರ ದಿನ ದಾಟಿತು.

ಇನ್ನು ಆಜ್ಞೆಯ ಒಳಗಿನ ಕಟ್ಟು. ಅದು ಬರಹದಲ್ಲಿರಬೇಕು, ಯಾವ ಸಂಗತಿಯ ಮೇಲೆ ಹೊರಡಿಸಿದ್ದೆಂದು ಹೇಳಬೇಕು. ಆಯುಷ್ಯ ಎರಡು ತಿಂಗಳು. ಅದರಾಚೆ ಎಳೆಯಲು ರಾಜ್ಯ ಸರ್ಕಾರವೇ ಬೇಕು, ಅದಕ್ಕೂ ಇನ್ನಾರು ತಿಂಗಳ ಮಿತಿ. ರದ್ದು ಮಾಡಿ ಎಂದು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಕೊಟ್ಟರೆ ಬೇಗ ಕರೆದು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಆಜ್ಞೆ ಹೆಚ್ಚಾಗಿ ಮುಗ್ಗರಿಸುವುದು ಕಾರಣ ಬರೆಯುವಲ್ಲಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರೋಧದ ಹೊತ್ತಿಗೆ ಬೆಂಗಳೂರಿನಲ್ಲಿ ಹೊರಟ ಆಜ್ಞೆಯಲ್ಲಿ ಕೆಳ ಅಧಿಕಾರಿಗಳ ಪತ್ರಗಳ ಮಾತೇ ಇತ್ತು, ಆಯುಕ್ತರ ಸ್ವಂತ ವಿಚಾರಣೆಯ ಗುರುತಿರಲಿಲ್ಲ. 2020ರ ಫೆಬ್ರವರಿ 13ರಂದು ಹೈಕೋರ್ಟ್ ಅದು ಕಾನೂನಿಗೆ ನಿಲ್ಲದು ಎಂದಿತು. ಅಷ್ಟರಲ್ಲಿ ಆಜ್ಞೆಯ ಅವಧಿ ಮುಗಿದು ವಾರಗಳೇ ಆಗಿದ್ದವು. ಅದಕ್ಕೂ ತಿಂಗಳ ಮೊದಲು ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭಿನ್ನಾಭಿಪ್ರಾಯ ಅದುಮಲು ಈ ಕಲಂ ಬಳಸಬಾರದು, ಆದೇಶವನ್ನು ಪ್ರಕಟಿಸಲೇಬೇಕು ಎಂದಿತ್ತು. ಹಾಗೆಂದು ಹಕ್ಕಿಗೆ ಮಿತಿಯೇ ಇಲ್ಲವೆಂದಲ್ಲ. ದೆಹಲಿಯ ಶಾಹೀನ್ ಬಾಗ್ ಧರಣಿಯ ವಿಚಾರದಲ್ಲಿ ಅದೇ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು ಹೇಳಿತು.

ಹೀಗಾಗಿ ಸಭೆ, ಮೆರವಣಿಗೆಗೆ ಅನುಮತಿ ಕೇಳಿ ಠಾಣೆಗೆ ಕೊಡುವ ಪತ್ರದಲ್ಲಿ ದಿನ, ಹೊತ್ತು, ಮೆರವಣಿಗೆಯ ದಾರಿ, ಅಂದಾಜು ಜನ, ಮೈಕಿನ ವಿವರ, ಹೊಣೆಗಾರರ ಹೆಸರು ಬಿಡಿಬಿಡಿಯಾಗಿರಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಬರಬೇಕು. 'ಆಗಲ್ಲ' ಎಂದರೆ ಅದನ್ನು ಬರಹದಲ್ಲೇ ಕೇಳಬೇಕು. ಬಾಯಿಮಾತಿನ ನಿರಾಕರಣೆಯನ್ನು ಕೋರ್ಟಿನ ಮುಂದೆ ಇಡುವುದು ಕಷ್ಟ.

ಆಜ್ಞೆ ಮೀರಿದರೆಂದು ಹಾಕುವ ಕೇಸು (ಹಿಂದೆ ಐಪಿಸಿ 188, ಈಗ ಭಾರತೀಯ ನ್ಯಾಯ ಸಂಹಿತೆಯ 223) ಬೀಳುವುದೂ ಬರಹದ ಕೊರತೆಯಿಂದಲೇ. ಆಜ್ಞೆ ಹೊರಡಿಸಿದ ಅಧಿಕಾರಿಯಾಗಲಿ, ಅವರ ಮೇಲಧಿಕಾರಿಯಾಗಲಿ, ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಸರ್ಕಾರಿ ನೌಕರನಾಗಲಿ ಕೋರ್ಟಿಗೆ ಲಿಖಿತ ದೂರು ಕೊಡದೆ ನ್ಯಾಯಾಧೀಶರು ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಠಾಣೆಯ ಎಫ್‌ಐಆರ್, ಚಾರ್ಜ್‌ಶೀಟ್ ಆ ಜಾಗ ತುಂಬುವುದಿಲ್ಲ. ಈ ಒಂದೇ ಕಾರಣಕ್ಕೆ ಹೈಕೋರ್ಟಿನಲ್ಲಿ ರದ್ದಾದ ಕೇಸುಗಳುಂಟು. ಅಲ್ಲಿಗೆ ಹೋಗುವ ಶಕ್ತಿಯಿಲ್ಲದವರು ಕೂಲಿ ಬಿಟ್ಟು ವಾಯಿದೆಗೆ ಅಲೆಯುತ್ತಾರೆ.